ಕೆಂಚಿ ದೈತ್ಯನನ್ನು ಹಿಡಿದ ವರ್ಷ

ಹೋದ ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ಹಾಗಲವಾಡಿ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಬೆಲ್ ಹೊಡೆಯಲು ಇನ್ನೂ ಹೊತ್ತಿತ್ತು. ಶಾಲೆಯ ಹಿಂದೆ ಪಿ.ಟಿ. ಮೇಷ್ಟ್ರು ಹುಡುಗಿಯರ ಕುಸ್ತಿಗೆಂದು ಮಣ್ಣು ಹದ ಮಾಡಿಸುತ್ತಿದ್ದರು. ಜರಡಿ ಹಿಡಿದ ಕೆಮ್ಮಣ್ಣು, ಅದಕ್ಕೆ ಮಜ್ಜಿಗೆ, ಎಳ್ಳೆಣ್ಣೆ, ಅರಿಶಿನ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಕೈಯಲ್ಲಿದ್ದ ಪ್ರಶ್ನೆಪತ್ರಿಕೆಯ ಕಟ್ಟನ್ನೂ ಮರೆತು ನಿಂತುಬಿಟ್ಟೆ. "ಏನ್ ಮೇಡಂ, ನಿಮಗೂ ಕುಸ್ತಿ ಗೊತ್ತಾ?" ಎಂದು ಮೇಷ್ಟ್ರು ತಮಾಷೆ ಮಾಡಿದರು. ನಾನು ಗಣಿತದ ಮೇಡಂ, ಐದಡಿ ಎತ್ತರ, ದಪ್ಪ ಗಾಜಿನ ಕನ್ನಡಕ. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. "ಗೊತ್ತು ಸಾರ್. ಸೊಂಟದಿಂದ ಮೇಲಿಂದು ಮೊದಲು ಕಲ್ತೆ, ಕೆಳಗಿಂದು ಆಮೇಲೆ" ಎಂದೆ. ಅವರು ಜೋರಾಗಿ ನಕ್ಕರು. ನಾನು ಹೇಳಿದ್ದು ನಿಜವೇ ಆಗಿತ್ತು.

ಅದು ಎರಡು ಸಾವಿರದ ಎರಡನೇ ಇಸವಿ. ತುಮಕೂರಿನಲ್ಲಿ ನನ್ನ ಬಿ.ಎಸ್ಸಿ. ಕೊನೆಯ ವರ್ಷ. ದಿನಾ ಬೆಳಿಗ್ಗೆ ಕುಣಿಗಲ್ಲಿನಿಂದ ಬಸ್ಸು, ಸಂಜೆ ಮತ್ತೆ ಬಸ್ಸು. ಶನಿವಾರ ಮಾತ್ರ ಅರ್ಧ ದಿನ. ಆವತ್ತು ಮಧ್ಯಾಹ್ನ ನಾವು ನಾಲ್ವರು ಮಂಜುನಾಥನ ಮನೆಯ ಹಾಲಿನಲ್ಲಿ ಸೇರುತ್ತಿದ್ದೆವು. ಮಂಜುನಾಥ ತುಮಕೂರಿನವನೇ. ಸಿದ್ದೇಶ ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದ, ಲತಾ ಬೆಳ್ಳಾವಿಯವಳು. ನಾವು ಕಂಬೈನ್ ಸ್ಟಡಿ ಮಾಡುತ್ತಿದ್ದೇವೆಂದು ನಾಲ್ಕೂ ಮನೆಯವರು ನಂಬಿದ್ದರು. ಮಂಜುನಾಥನ ಅಮ್ಮ ಒಬ್ಬರಿಗೆ ಮಾತ್ರ ನಿಜ ಗೊತ್ತಿತ್ತು. ಅವರು ಅವಲಕ್ಕಿ ತಟ್ಟೆ ತಂದಿಟ್ಟು, "ಡಿಗ್ರಿ ಓದೋ ಕತ್ತೆಗಳು ಚೌಕಾಬಾರ ಆಡ್ತಾವೆ" ಎಂದು ಒಳಗೆ ಹೋಗುತ್ತಿದ್ದರು.

ನಾವು ಆಡುತ್ತಿದ್ದುದು ಚೌಕಾಬಾರವಲ್ಲ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅರವಿಂದ ಎಂಬ ಗೆಳೆಯನ ಹತ್ತಿರ ಅಮೆರಿಕದ ಒಂದು ಆಟದ ಪುಸ್ತಕವಿತ್ತು. ಅದನ್ನು ಮಂಜುನಾಥ ಜೆರಾಕ್ಸ್ ಮಾಡಿಸಿ ತಂದಿದ್ದ. ಈ ಆಟದಲ್ಲಿ ಒಬ್ಬ ಕಥೆ ಹೇಳುತ್ತಾನೆ. ಮಿಕ್ಕವರು ಆ ಕಥೆಯೊಳಗೆ ಒಬ್ಬೊಬ್ಬರೂ ವೀರರಾಗಿ, ಈಗ ನಾನು ಇದನ್ನು ಮಾಡುತ್ತೇನೆ ಎಂದು ಹೇಳುತ್ತಾರೆ. ಹೇಳಿದ್ದು ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದೆ. ತುಮಕೂರಿನ ಯಾವ ಅಂಗಡಿಯಲ್ಲಿ ಅಂಥ ದಾಳ ಸಿಕ್ಕೀತು? ಲತಾ ಬೆಳ್ಳಾವಿಯಿಂದ ಇಪ್ಪತ್ತು ಹುಣಸೆಬೀಜ ತಂದು, ಸಿಪ್ಪೆ ಉಜ್ಜಿ, ಒಂದರಿಂದ ಇಪ್ಪತ್ತರವರೆಗೆ ಬರೆದಳು. ಸ್ಟೀಲ್ ಚೊಂಬಿಗೆ ಹಾಕಿ ಕುಲುಕಿ, ಕಣ್ಣುಮುಚ್ಚಿ ಒಂದು ಎತ್ತುವುದು. ದೊಡ್ಡ ಅಂಕ ಬಂದವರ ಕೈ ಮೇಲು. ಕಥೆ ನಡೆಸುವವನಿಗೆ ಇಂಗ್ಲಿಷಿನಲ್ಲಿ ಏನೋ ಉದ್ದನೆಯ ಹೆಸರಿತ್ತು. ನಾವು ಬಯಲಾಟದ ಹೆಸರನ್ನೇ ಇಟ್ಟು ಮಂಜುನಾಥನನ್ನು ಭಾಗವತ ಎಂದು ಕರೆದೆವು.

ಹಾಲಿನ ನೆಲಕ್ಕೆ ಕೆಂಪು-ಕರಿ ಚೌಕದ ಟೈಲ್ಸು ಹಾಕಿತ್ತು. ಅದೇ ನಮ್ಮ ಯುದ್ಧಭೂಮಿ. ಒಂದು ಚೌಕ ಎಂದರೆ ಐದಡಿ ಜಾಗ ಎಂದು ಪುಸ್ತಕ ಹೇಳುತ್ತಿತ್ತು. "ಅಡಿ ಗಿಡಿ ಯಾಕ್ರೋ, ಒಂದು ಮಾರು ಅನ್ನಿ" ಎಂದ ಸಿದ್ದೇಶ, ಎರಡೂ ಕೈ ಚಾಚಿ ತೋರಿಸುತ್ತ. ಹಾಗೇ ಆಯಿತು. ಚೌಕಕ್ಕೆ ಮನೆ ಎಂದೆವು. ಒಂದು ಸರದಿಗೆ ಆರು ಮಾರು, ಅಂದರೆ ಆರು ಮನೆ ನಡೆಯಬಹುದು. ವೀರರೆಲ್ಲ ಸೋಡಾ ಬಾಟಲಿಯ ಮುಚ್ಚಳಗಳು. ಲತಾ ಬಿಲ್ಲುಗಾರ್ತಿ, ಸಿದ್ದೇಶ ಮಂತ್ರವಾದಿ. ನನ್ನ ವೀರೆಗೆ ಕೆಂಚಿ ಎಂದು ಹೆಸರಿಟ್ಟೆ. ನನ್ನಷ್ಟೇ ಕುಳ್ಳಿ. ಕತ್ತಿ, ಗುರಾಣಿ, ಮಂತ್ರ ಯಾವುದೂ ಇಲ್ಲ. ಅವಳು ಕುಸ್ತಿ ಮಾಡುವವಳು.

ಯಾಕೆ ಎಂದು ಹೇಳಬೇಕಾದರೆ ನಮ್ಮ ತಾತನ ವಿಷಯ ಹೇಳಬೇಕು. ಚಿಕ್ಕಣ್ಣ ಎಂದು ಹೆಸರು, ಆಳು ಮಾತ್ರ ಆರಡಿ. ಕುಣಿಗಲ್ಲಿನಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ತಾತನ ಗರಡಿ ಇತ್ತು. ಹುಲಿಯೂರುದುರ್ಗದಿಂದ, ಅದರಾಚೆಯಿಂದ ಹುಡುಗರು ಬಂದು ತಾತನ ಕೈಕೆಳಗೆ ಕಲಿಯುತ್ತಿದ್ದರು. ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ತೆಂಗಿನ ತೋಟ, ರಾಗಿ ಹೊಲ ನೋಡಿಕೊಳ್ಳುವುದು ಅಪ್ಪನ ಪಾಲಿಗೆ ಬಿಟ್ಟು ತಾತ ಮಣ್ಣಿನಲ್ಲೇ ಇರುತ್ತಿದ್ದ. ಆ ಮಣ್ಣನ್ನು ಹೆಣ್ಣುಮಕ್ಕಳು ತುಳಿಯುವಂತಿರಲಿಲ್ಲ. ನಾನು ಬಾಗಿಲ ಹತ್ತಿರ ಹೋದರೂ "ಆಕಡೆ ಹೋಗವ್ವ" ಎಂಬ ಒಂದೇ ಮಾತು. ಬೈಯುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತಿತ್ತು. ಬೀದಿಯ ಕಡೆ ಗರಡಿಗೊಂದು ಕಿಟಕಿ ಇತ್ತು. ಹಳೇ ಒರಳುಕಲ್ಲಿನ ಮೇಲೆ ಹತ್ತಿ ನಿಂತು ಏಳನೇ ವಯಸ್ಸಿನಿಂದ ನಾನು ನೋಡಿದ ಕುಸ್ತಿಗೆ ಲೆಕ್ಕವಿಲ್ಲ. ಯಾವ ಪಟ್ಟಿಗೆ ಯಾವ ಎದುರುಪಟ್ಟು ಎಂದು ನನಗೆ ಬಾಯಿಪಾಠವಾಗಿತ್ತು. ನನಗೂ ಕುಸ್ತಿ ತಿಳಿಯುತ್ತದೆ ಎಂದು ತಾತ ಒಂದು ಸಲ ಬಾಯಿಬಿಟ್ಟು ಹೇಳಬೇಕು. ಆ ವರ್ಷ ನನಗೆ ಬೇಕಾಗಿದ್ದುದು ಇಷ್ಟೇ. ರ‍್ಯಾಂಕು ಬರಲಿ ಎಂದೂ ಇಷ್ಟು ಆಸೆಪಟ್ಟಿರಲಿಲ್ಲ.

ಆಷಾಢದ ಗಾಳಿ ತುಮಕೂರಿನ ಧೂಳನ್ನೆಲ್ಲ ಎತ್ತಿ ಕಿಟಕಿಗೆ ಹೊಡೆಯುತ್ತಿದ್ದ ಒಂದು ಶನಿವಾರ ಕೆಂಚಿ ದೈತ್ಯನ ಎದುರು ನಿಂತಳು. ಭಾಗವತ ತನ್ನ ಕಥೆಯ ಬೆಟ್ಟಕ್ಕೆ ಹುಲಿಯೂರುದುರ್ಗವನ್ನೇ ಮಾದರಿ ಮಾಡಿಕೊಂಡಿದ್ದ. ಬಂಡೆಯಲ್ಲಿ ಕಡಿದ ಮೆಟ್ಟಿಲು, ಮೇಲೆ ಮುರಿದ ಕೋಟೆ ಬಾಗಿಲು, ಬಾಗಿಲಲ್ಲಿ ಹತ್ತಡಿಯ ದೈತ್ಯ. "ಕೆಂಚಿ ಅವನ ಕೈ ಹಿಡೀತಾಳೆ" ಎಂದೆ. ಮಂಜುನಾಥ ಪುಸ್ತಕ ತಿರುವಿದ. ಹಿಡಿಯುವುದರ ಬಗ್ಗೆ ಎರಡು ಪುಟ ಇತ್ತು. ಅವನು ಅದನ್ನು ಮೂರು ಸಲ ಓದಿದ, ಲತಾ ಒಂದು ಸಲ ಓದಿದಳು, ಯಾರಿಗೂ ತಲೆಬುಡ ತಿಳಿಯಲಿಲ್ಲ. ಮುಟ್ಟಬೇಕು, ಮುಟ್ಟುವಾಗ ಅವನು ಹೊಡೆಯಬಹುದು, ಆಮೇಲೆ ಇಬ್ಬರೂ ಬೀಜ ಎತ್ತಬೇಕು, ಆಮೇಲೆ ಇನ್ನೂ ಏನೇನೋ. ಎಲ್ಲರಿಗೂ ಅರ್ಥವಾದದ್ದು ಒಂದು ಸಾಲು: ಮೈಯಲ್ಲಿ ದೊಡ್ಡವನಿಗೆ ನಾಲ್ಕು ಅಂಕ ಹೆಚ್ಚು. ನನಗೆ ಹದಿಮೂರು ಬಂತು. ದೈತ್ಯನಿಗೆ ಹತ್ತು, ಮೇಲೆ ನಾಲ್ಕು. ಕೆಂಚಿ ಮೆಟ್ಟಿಲ ಕೆಳಗೆ ಬಿದ್ದಳು.

"ಇದು ಸುಳ್ಳು. ದೊಡ್ಡ ಆಳನ್ನ ಸಣ್ಣೋನು ಕೆಡವೋದು ನಾನೇ ನೋಡಿದೀನಿ" ಎಂದೆ.

"ಪುಸ್ತಕದಲ್ಲಿ ಹಂಗೇ ಇದೆ ಕಣೆ" ಎಂದ ಮಂಜುನಾಥ.

"ಪುಸ್ತಕ ಬರೆದೋನು ಗರಡಿ ನೋಡಿದಾನಾ?"

"ನೀನು ನೋಡಿದೀಯಲ್ಲ, ನೀನೇ ಬರ್ಕೊಂಡು ಬಾ. ಬೇಕಾದ್ರೆ ನಿಮ್ಮ ತಾತನ್ನೇ ಕೇಳು. ಸರಿಯಾಗಿದ್ರೆ ಅದನ್ನೇ ಇಟ್ಕೊಳ್ಳೋಣ."

ಮಂಜುನಾಥನಿಗೆ ಎಷ್ಟೇ ಜಂಬವಿದ್ದರೂ ನ್ಯಾಯಸ್ಥ. ದೈತ್ಯನನ್ನು ಬಾಗಿಲಲ್ಲೇ ನಿಲ್ಲಿಸಿ ಕಥೆಯನ್ನು ಬೇರೆ ದಾರಿಗೆ ತಿರುಗಿಸಿದ.

ತಾತನನ್ನು ಕೇಳಿದೆ. ಜಗಲಿಯ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದವನು ತಲೆಯೂ ಎತ್ತಲಿಲ್ಲ. "ನಿಂಗ್ಯಾಕವ್ವ ಅದೆಲ್ಲ? ಓದ್ಕೊ ಹೋಗು" ಎಂದ. ಆಟಕ್ಕೆ ಬೇಕು ಎಂದೆ. "ಆಟಕ್ಕೆ ಕುಂಟೆಬಿಲ್ಲೆ ಆಡು" ಎಂದ. ನನಗೆ ಅಳುವೇ ಬಂತು, ಆದರೆ ಅಳಲಿಲ್ಲ. ದಸರಾ ರಜದಲ್ಲಿ ಕೂತು ಏಳು ಹಾಳೆ ಬರೆದೆ. ಮಣಿಕಟ್ಟು ಹಿಡಿದರೆ ಎಷ್ಟು ಅಂಕ, ಕುತ್ತಿಗೆಗೆ ಕೈ ಹಾಕಿದರೆ ಎಷ್ಟು, ಕಂಕುಳಲ್ಲಿ ತೂರಿ ಬೆನ್ನಿಗೆ ಹೋದರೆ ಎಷ್ಟು, ಯಾವುದನ್ನು ಯಾವುದು ಬಿಡಿಸುತ್ತದೆ. ಗಣಿತದವಳಲ್ಲವೆ, ಪಟ್ಟಿ ಹಾಕಿ, ಗೆರೆ ಎಳೆದು, ಮೇಲೆ "ಹಿಡಿತದ ಕಾಯಿದೆ" ಎಂದು ದಪ್ಪಕ್ಷರದಲ್ಲಿ ಬರೆದೆ. ಆ ಹಾಳೆಗಳ ಮೇಲೆ ನನಗಿದ್ದ ಹೆಮ್ಮೆ ಈಗ ನೆನೆದರೂ ನಗು ಬರುತ್ತದೆ.

ರಜ ಮುಗಿದು ಆಡಿದರೆ ಆಟ ಕಲ್ಲಿನ ಹಾಗೆ ಕೂತುಬಿಟ್ಟಿತು. ಕೆಂಚಿ ಹಿಡಿಯುತ್ತಾಳೆ, ಎದುರಾಳಿ ಬಿಡಿಸಿಕೊಳ್ಳುತ್ತಾನೆ, ಮತ್ತೆ ಹಿಡಿಯುತ್ತಾಳೆ. ಅರ್ಧ ಗಂಟೆಯಾದರೂ ಎರಡು ಮುಚ್ಚಳ ಎರಡು ಮನೆಯಲ್ಲೇ. "ಏನ್ಲೇ ಇದು, ಎರಡು ಕರೆಂಟ್ ಕಂಬ ನಿಂತ್ಕಂಡು ಜಗಳ ಆಡ್ದಂಗೆ ಐತೆ" ಎಂದ ಸಿದ್ದೇಶ. ಲತಾ ಪಾಪ ನನ್ನ ಮುಖ ನೋಡಿ ಬೀಜಗಳನ್ನು ಚೊಂಬಿಗೆ ತುಂಬತೊಡಗಿದಳು. ಏನು ತಪ್ಪಾಗಿದೆ ಎಂದು ನನಗೆ ಹೊಳೆಯಲಿಲ್ಲ. ಪಟ್ಟು ಒಂದೂ ತಪ್ಪಿರಲಿಲ್ಲ. ಮನೆಗೆ ಬಂದವಳೇ ಹಾಳೆಗಳನ್ನು ಜಗಲಿಯ ಮೇಲೆ ಎಸೆದು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ತಾತ ಆ ಹಾಳೆ ಹಿಡಿದು ಕೂತಿದ್ದ. ನಾಲ್ಕನೇ ಕ್ಲಾಸು ಓದಿದವನು, ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಓದುತ್ತಿದ್ದ. ಏಳನೇ ಹಾಳೆಗೆ ಬಂದಿದ್ದ.

"ಗಿರ್ಜಿ, ಇದನ್ನ ಯಾರು ಹೇಳ್ಕೊಟ್ರು ನಿಂಗೆ?"

"ಯಾರೂ ಇಲ್ಲ."

"ಕೈಯೆಲ್ಲ ಸರ್ಯಾಗೈತೆ. ಒಂದೂ ತಪ್ಪಿಲ್ಲ. ಇದ್ರಲ್ಲಿ ಕಾಲೆಲ್ಲವ್ವ?"

ನನಗೆ ಅರ್ಥವಾಗಲಿಲ್ಲ. "ಯಾವ ಕಾಲು?" ಎಂದೆ.

"ಮನ್ಸ ಅಂದ್ಮೇಲೆ ಕಾಲಿರಾಕಿಲ್ವಾ? ಕಂಕುಳಲ್ಲಿ ತೂರು ಅಂತ ಬರ್ದಿದೀಯ. ತೂರೋನು ಎಡಗಾಲು ಎಲ್ಲಿಕ್ದ? ಅವ್ನ ಬಲಗಾಲು ಎಲ್ಲಿತ್ತು?"

ನಾನು ಕಣ್ಣುಮುಚ್ಚಿ ನೆನೆಸಿಕೊಂಡೆ. ಭುಜ ಕಂಡಿತು, ಕುತ್ತಿಗೆ ಕಂಡಿತು, ಬೆವರಿದ ಬೆನ್ನು ಕಂಡಿತು. ಕಾಲು ಕಾಣಲಿಲ್ಲ. ಹನ್ನೆರಡು ವರ್ಷ ನೋಡಿದ್ದರಲ್ಲಿ ಒಂದೇ ಒಂದು ಪಾದವೂ ನನ್ನ ನೆನಪಿನಲ್ಲಿರಲಿಲ್ಲ. ಗರಡಿಯ ನೆಲ ಬೀದಿಗಿಂತ ತಗ್ಗು, ಗೋಡೆ ಮೊಳದಷ್ಟು ದಪ್ಪ, ಕಿಟಕಿ ಎತ್ತರ. ಒರಳುಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತರೂ ನನಗೆ ಕಾಣುತ್ತಿದ್ದುದು ಪೈಲ್ವಾನರ ಸೊಂಟದಿಂದ ಮೇಲೆ ಮಾತ್ರ. ಕೆಳಗೆ ಬಿದ್ದವರಂತೂ ಕಾಣುತ್ತಲೇ ಇರಲಿಲ್ಲ. ಎದ್ದ ಮೇಲೆ ಯಾರ ಬೆನ್ನಿಗೆ ಮಣ್ಣು ಮೆತ್ತಿದೆ ಎಂದು ನೋಡಿ ಸೋತವರು ಯಾರೆಂದು ತಿಳಿದುಕೊಳ್ಳುತ್ತಿದ್ದೆ. ಅದೇ ಪೂರ್ತಿ ಕುಸ್ತಿ ಎಂದು ನಂಬಿದ್ದೆ.

ತಾತನಿಗೆ ಇದನ್ನು ಹೇಳಿದೆ. ತಾತ ಎದ್ದು ಹೊರಗೆ ಹೋದ, ಕಿಟಕಿಯ ಕೆಳಗೆ ನಿಂತು ಒರಳುಕಲ್ಲು ನೋಡಿದ. ಅದರ ಒಂದು ಅಂಚು ನನ್ನ ಕಾಲು ಊರಿ ಊರಿ ನುಣ್ಣಗಾಗಿತ್ತು. ಒಳಗೆ ಬಂದು ಅವ್ವನಿಗೆ "ಸೀಮೆಸುಣ್ಣ ಐತೇನವ್ವ?" ಎಂದಷ್ಟೇ ಕೇಳಿದ.

ನಡುಮನೆಯ ಕೆಂಪು ಗಾರೆ ನೆಲದ ಮೇಲೆ ತಾತ ಮಂಡಿಯೂರಿ ಕೂತು, ನನ್ನನ್ನೇ ಕೇಳಿ ಕೇಳಿ, ನಮ್ಮ ಆಟದ ಮನೆಗಳನ್ನು ಎಳೆದ. ಒಂದು ಮನೆ ಒಂದು ಮಾರು ಎಂದಾಗ ತಲೆಯಾಡಿಸಿದ. "ಅದು ಸರಿ. ಕೈಗೆಟುಕೋದೇ ಅಷ್ಟು ದೂರ" ಎಂದ. ಮುಚ್ಚಳ ಇಡಲು ಹೇಳಿದ. ಗರಡಿಯ ಮಣ್ಣಿಗೆ ನನ್ನನ್ನು ಕರೆಯಲಿಲ್ಲ, ನಾನೂ ಕೇಳಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಬಸ್ಸಿಗೆ ಮೊದಲು ಒಂದು ಗಂಟೆ ನನಗೆ ಪಾಠ. ಅದು ಅವರೆಕಾಯಿಯ ಕಾಲ. ಅವ್ವ ಒಂದು ಕಡೆ ಕಾಯಿ ಸುಲಿಯುತ್ತ, "ಮಾವ, ಅವ್ಳಿಗೆ ಪರೀಕ್ಷೆ ಐತೆ" ಎನ್ನುತ್ತಿದ್ದಳು. ತಾತ "ಇದೂ ಪರೀಕ್ಷೇನೇ ಕಣವ್ವ" ಎನ್ನುತ್ತಿದ್ದ.

"ಅವ್ನ ಮನೆಯೊಳಕ್ಕೆ ಕಾಲಿಡದೆ ಹಿಡೀಬ್ಯಾಡ" ಎಂಬುದು ಮೊದಲನೇ ದಿನದ ಪಾಠ. ದೂರದಿಂದ ಕೈ ಚಾಚಿದವನು ತಾನೇ ಮುಗ್ಗರಿಸುತ್ತಾನೆ. ಎರಡನೆಯದು, ಹಿಡಿದವನು ನಿಂತ ಮನೆಯಲ್ಲೇ ನಿಂತಿರಕೂಡದು. ಹಿಡಿದು ಒಂದು ಹೆಜ್ಜೆ ಸರಿಯದಿದ್ದರೆ ಹಿಡಿದದ್ದೇ ದಂಡ. ಮೂರನೆಯದನ್ನು ಹೇಳಿಕೊಡಲು ನಾಲ್ಕು ದಿನ ತೆಗೆದುಕೊಂಡ. "ಭಾರದ ಆಳು ನಿಂತಿದ್ರೆ ಮುಟ್ಲೇಬ್ಯಾಡ. ನೀನು ಯಾರ ಮೊಮ್ಮಗ್ಳೇ ಆಗಿರು, ಅಲ್ಲಾಡಾಕಿಲ್ಲ. ಅವ್ನು ನಡೀಲಿ. ನಡೀವಾಗ ಒಂದು ಕಾಲು ಮ್ಯಾಲೆ ಇರ್ತದಲ್ಲ, ಆವಾಗ ಅಷ್ಟು ಭಾರಾನೂ ಒಂದೇ ಕಾಲಿನ ಮ್ಯಾಲೆ. ಆ ಕಾಲಿನ ಹಿಂದಕ್ಕೆ ನಿನ್ ಕಾಲು ಹೋಗ್ಬೇಕು." ಇಷ್ಟು ಹೇಳಿ ಮುಚ್ಚಳವನ್ನು ಅರ್ಧ ಒಂದು ಮನೆಯಲ್ಲಿ, ಅರ್ಧ ಇನ್ನೊಂದರಲ್ಲಿ ಇಟ್ಟು ತೋರಿಸಿದ. ನಾನು ಅವನು ಹೇಳಿದ್ದನ್ನೆಲ್ಲ ಅಂಕಕ್ಕೆ ಇಳಿಸಿದೆ. ಏಳು ಹಾಳೆ ಹರಿದು ಮೂರು ಹಾಳೆ ಬರೆದೆ. ಅದರಲ್ಲಿ ಮುಖ್ಯವಾದದ್ದು ಇದು: ದೊಡ್ಡವನು ಆ ಸರದಿಯಲ್ಲಿ ಕಾಲು ಕೀಳದೆ ನಿಂತಿದ್ದರೆ ನಾಲ್ಕು ಅಂಕ ಅವನಿಗೆ. ಒಂದು ಮನೆಯಾದರೂ ನಡೆದಿದ್ದರೆ ಆ ನಾಲ್ಕು ಚಿಕ್ಕವನಿಗೆ.

ಇದರಿಂದ ಆಟಕ್ಕೆ ಜೀವ ಬಂತು. ಎಲ್ಲರೂ ಈಗ ಕಾಲಿನ ಲೆಕ್ಕ ಹಾಕತೊಡಗಿದರು. ನಡೆದರೆ ಅಪಾಯ, ನಿಂತರೆ ಲತಾಳ ಬಾಣ. ಸಿದ್ದೇಶ ಗುಬ್ಬಿಯ ರೈಲು ತಪ್ಪಿಸಿಕೊಂಡದ್ದು ಆ ವಾರಗಳಲ್ಲೇ, ಒಂದಲ್ಲ ಎರಡು ಸಲ. ಡಿಸೆಂಬರಿನ ಕೊನೆಯ ಶನಿವಾರ ಭಾಗವತ ನಮ್ಮನ್ನು ಮತ್ತೆ ಕೋಟೆ ಬಾಗಿಲಿಗೆ ತಂದ. ಕೆಂಚಿ ಹಿಡಿಯಲು ಹೋಗಲಿಲ್ಲ. ಅವನ ಕೈಗೆ ಸಿಗದಷ್ಟು ದೂರದಲ್ಲಿ ಸುತ್ತು ಹಾಕಿದಳು. ದೈತ್ಯ ರೇಗಿ ಎರಡು ಮನೆ ಮುಂದೆ ಬಂದ. ನನ್ನ ಸರದಿ. ಅವನ ಮನೆಯೊಳಕ್ಕೆ ಕಾಲಿಟ್ಟೆ ಎಂದೆ, ಬೀಜ ಎತ್ತಿದೆ. ಹನ್ನೊಂದು. ಮೇಲೆ ನಾಲ್ಕು. ಭಾಗವತ ಚೊಂಬಿಗೆ ಕೈ ಹಾಕಿ ತೆಗೆದದ್ದು ಹದಿನಾಲ್ಕು. ಒಂದೇ ಒಂದು ಅಂಕ. ಹತ್ತಡಿಯ ದೈತ್ಯ ಹುಲಿಯೂರುದುರ್ಗದ ಅಷ್ಟೂ ಮೆಟ್ಟಿಲು ಉರುಳಿದ. ಲತಾ ನನ್ನನ್ನು ತಬ್ಬಿಕೊಂಡಳು. ಮಂಜುನಾಥನ ಅಮ್ಮ ಅಡುಗೆಮನೆಯಿಂದ ಬಂದು "ಯಾರು ಪಾಸಾದ್ರು?" ಎಂದರು.

ಆ ಸಂಜೆ ನಾನು ಬಸ್ಸಿಳಿಯುವುದನ್ನೇ ತಾತ ಕಾಯುತ್ತಿದ್ದ. "ಬಿದ್ನಾ?" ಎಂದ. ಬಿದ್ದ ಎಂದೆ. "ಯಾವ ಕಾಲು ಹಿಡ್ದೆ?" ಎಂದ. ಅದನ್ನು ನಾವು ಆಟದಲ್ಲಿ ಹೇಳುವುದಿಲ್ಲ ತಾತ ಎಂದರೆ ಒಪ್ಪಲೇ ಇಲ್ಲ. ಬಲಗಾಲು ಎಂದು ಇಬ್ಬರೂ ಕೂತು ತೀರ್ಮಾನ ಮಾಡಿದೆವು.

ಸಂಕ್ರಾಂತಿ ಕಳೆದ ವಾರ ಬೆಂಗಳೂರಿನಿಂದ ಅರವಿಂದ ಬಂದ, ಮೂಲ ಪುಸ್ತಕದ ಯಜಮಾನ. ಒಳ್ಳೆಯ ಹುಡುಗ, ಆದರೆ ಕಾಯಿದೆಯ ವಿಷಯದಲ್ಲಿ ಪಕ್ಕಾ ಲಾಯರು. ಊರೂರಿನಲ್ಲಿ ಈ ಆಟ ಆಡುವವರು ತಾವೇ ಮಾಡಿಕೊಂಡ ಕಾಯಿದೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಹುಚ್ಚು ಅವನಿಗೆ. ಮಾಡಿದವರ ಹೆಸರು, ಊರು ಸಮೇತ ಬರೆಯುತ್ತಿದ್ದ. ನನ್ನ ಮೂರು ಹಾಳೆಯನ್ನು ನಿಧಾನವಾಗಿ ಓದಿದ. "ಬೇಜಾರ್ ಮಾಡ್ಕೋಬೇಡಿ. ದೊಡ್ಡವನ ನಾಲ್ಕು ಕಿತ್ತು ಚಿಕ್ಕವಳಿಗೆ ಕೊಟ್ಟಿದೀರ. ಇದು ನಿಮ್ಮ ಕೆಂಚಿ ಗೆಲ್ಲಲಿ ಅಂತ ಮಾಡಿದ ಕಾಯಿದೆ. ನಾನು ಬರ್ಕೊಳ್ಳಲ್ಲ" ಎಂದ.

ಮೋಸ ಮಾಡಿದೆ ಎಂದ ಹಾಗಾಯಿತು. ನನ್ನ ಕಿವಿ ಬಿಸಿಯಾಯಿತು. "ನಾಳೆ ಭಾನುವಾರ. ಕುಣಿಗಲ್ಲಿಗೆ ಬನ್ನಿ, ತೋರಿಸ್ತೀವಿ" ಎಂದೆ. ತೋರಿಸುವವನು ತಾತ ಎಂದುಕೊಂಡೇ ಹೇಳಿದ್ದೆ.

ಬಂದರು, ನಾಲ್ವರೂ. ಅವ್ವ ಕಾಫಿ ಕೊಟ್ಟಳು. ತಾತನಿಗೆ ವಿಷಯ ಹೇಳಿದೆ. ಅವನು ಅಂಗಳದಲ್ಲಿ ಅವ್ವನ ಕೈಯಿಂದ ರಂಗೋಲಿಪುಡಿಯಲ್ಲಿ ಸಾಲಾಗಿ ಮೂರು ಮನೆ ಎಳೆಸಿದ. ಪಂಚೆ ಎತ್ತಿಕಟ್ಟಿ ಮೊದಲನೇ ಮನೆಯಲ್ಲಿ ನಿಂತ. ಎಪ್ಪತ್ತೊಂದು ವರ್ಷ, ಬಾಗಿಲಷ್ಟು ಅಗಲ ಎದೆ. ಸಿದ್ದೇಶನನ್ನು ಕರೆಯುತ್ತಾನೆಂದು ನಾವೆಲ್ಲ ಅವನ ಕಡೆ ನೋಡಿದೆವು. ಸಿದ್ದೇಶ ಆಗಲೇ ಒಂದು ಹೆಜ್ಜೆ ಹಿಂದೆ ಸರಿದಿದ್ದ.

"ಕಾಯ್ದೆ ಬರ್ದೋಳು ಯಾರು? ಬಾ ಗಿರ್ಜಿ" ಎಂದ ತಾತ. "ನಾನು ಬುಟ್ಕೊಡಾಕಿಲ್ಲ. ಮೊದ್ಲೇ ಹೇಳಿವ್ನಿ."

ನಾನು ಅದುವರೆಗೆ ಹಿಡಿದಿದ್ದುದು ಸೋಡಾ ಮುಚ್ಚಳ ಮಾತ್ರ. ದುಪಟ್ಟಾ ಸೊಂಟಕ್ಕೆ ಬಿಗಿದೆ. ಮೊದಲು ತಾತ ನಿಂತೇ ಇದ್ದ. ನಾನು ಅವನ ಮನೆಯೊಳಕ್ಕೆ ಹೋಗಿ ಕೈ ಹಿಡಿದೆ, ಎಳೆದೆ, ಭುಜ ಕೊಟ್ಟು ನೂಕಿದೆ. ಮನೆಯ ಕಂಬವನ್ನು ನೂಕಿದ ಹಾಗಿತ್ತು. "ನೋಡಪ್ಪ, ನಿಂತೋನಿಗೆ ನಾಕು" ಎಂದ ತಾತ ಅರವಿಂದನಿಗೆ, ಉಸಿರೂ ಏರಿರಲಿಲ್ಲ. "ಈಗ ನಡೀತೀನಿ. ಈ ಸಾಲಿಂದ ನನ್ನ ಆಚೆಗೆ ಹಾಕ್ಬೇಕು."

ಒಂದನೇ ಮನೆಯಿಂದ ಎರಡಕ್ಕೆ ಬಂದ. ನಾನು ಅವನ ಮುಖ ನೋಡಲಿಲ್ಲ, ಎದೆಯನ್ನೂ ನೋಡಲಿಲ್ಲ. ಪಾದ ನೋಡಿದೆ. ಎರಡರಿಂದ ಮೂರಕ್ಕೆ ಬಲಗಾಲು ಎತ್ತಿದ. ನನ್ನ ಎಡಗಾಲು ತಾನಾಗಿಯೇ ಅವನ ಎಡ ಹಿಮ್ಮಡಿಯ ಹಿಂದೆ ಹೋಯಿತು, ತಲೆ ಕಂಕುಳಲ್ಲಿ ತೂರಿತು, ಭುಜ ಮೇಲೆದ್ದಿತು. ಒಂದು ಗಳಿಗೆ ಆ ಆರಡಿ ಆಳಿನ ಅಷ್ಟೂ ಭಾರ ನನ್ನ ಬೆನ್ನ ಮೇಲಿತ್ತು. ಆಮೇಲೆ ಇರಲಿಲ್ಲ. ತಾತ ರಂಗೋಲಿಯ ಗೆರೆ ಅಳಿಸಿಕೊಂಡು ಮೂರು ಹೆಜ್ಜೆ ಪಕ್ಕಕ್ಕೆ ತೂರಾಡಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ದೊಪ್ಪನೆ ಕೂತ.

"ಅಯ್ಯೋ ಮಾವ" ಎಂದು ಅವ್ವ ಓಡಿಬಂದಳು. ತಾತ ಕೈ ಅಡ್ಡ ಹಿಡಿದು ತಡೆದ. ಮುಖದಲ್ಲಿ ಸಿಟ್ಟಿತ್ತು, ಸೋತ ಪೈಲ್ವಾನನ ನಿಜವಾದ ಸಿಟ್ಟು. ಬೇಕೆಂದೇ ಬಿದ್ದನೇನೋ ಎಂದು ಆಮೇಲೆ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಆ ಮುಖ ನೋಡಿದ್ದವರು ಕೇಳುವುದಿಲ್ಲ. ಅವನೇ ಎದ್ದ, ಪಂಚೆ ಕೊಡವಿಕೊಂಡ, ನನ್ನನ್ನು ಅಡಿಯಿಂದ ಮುಡಿವರೆಗೆ ಒಮ್ಮೆ ನೋಡಿದ. ನನಗೆ ಕಣ್ಣು ತುಂಬಿ ಎದುರಿಗಿದ್ದುದೆಲ್ಲ ಮಸುಕಾಗಿತ್ತು.

ಅರವಿಂದ ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಜಗಲಿಯ ಮೇಲೆ ಕೂತಿದ್ದ. ಮೂರೂ ಹಾಳೆಯನ್ನು ಅಕ್ಷರ ಬಿಡದೆ ನಕಲು ಮಾಡಿಕೊಂಡ. ಕೊನೆಗೆ ಪೆನ್ನು ಎತ್ತಿ ಹಿಡಿದು ಬಹಳ ಮರ್ಯಾದೆಯಿಂದ, "ತಾತ, ಕೆಳಗೆ ನಿಮ್ಮ ಹೆಸರು ಹಾಕ್ತೀನಿ. ಉಸ್ತಾದ್ ಚಿಕ್ಕಣ್ಣನವರು, ಕುಣಿಗಲ್. ಸರೀನಾ?" ಎಂದ.

"ನನ್ನೆಸ್ರು ಯಾಕಪ್ಪ? ನಾನು ಬಿದ್ದೋನು" ಎಂದ ತಾತ.

ಕುಸ್ತಿಯ ಕಣದಲ್ಲಿ ಪೈಲ್ವಾನ ಇಳಿಯುವ ಮೊದಲು ಅವನನ್ನು ಜನಕ್ಕೆ ಕೂಗಿ ಹೇಳುವ ಒಂದು ಕ್ರಮ ಉಂಟು. ಮೊದಲು ಹೆಸರು, ಆಮೇಲೆ ಊರು, ಆಮೇಲೆ ಯಾರ ಗರಡಿ ಎಂಬುದು. ಗರಡಿಯ ಹೆಸರು ಹೇಳಿದರೆ ಅವನು ಆ ಮಣ್ಣಿನವನು, ಅವನ ಸೋಲು ಗೆಲುವು ಆ ಉಸ್ತಾದನದು. ತಾತ ಪಂಚೆಯ ಕಟ್ಟು ಬಿಚ್ಚಿ ಇಳಿಬಿಟ್ಟು ನೆಟ್ಟಗೆ ನಿಂತ. ಅಂಗಳದಲ್ಲಿದ್ದ ಐದಾರು ಜನಕ್ಕೆ ಬೇಕಾಗುವ ದನಿಯಲ್ಲ, ಕಣದಲ್ಲಿ ಸಾವಿರ ಜನಕ್ಕೆ ಕೇಳಿಸುವ ದನಿ ತೆಗೆದ.

"ಗಿರಿಜಾ. ಊರು ಕುಣಿಗಲ್ಲು. ಉಸ್ತಾದ್ ಚಿಕ್ಕಣ್ಣನ ಗರಡಿ."

ಗರಡಿಯೊಳಗೆ ಸಾಮು ಮಾಡುತ್ತಿದ್ದವರೆಲ್ಲ ಮೈ ಮಣ್ಣು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ಇಣುಕಿದರು, ಯಾವ ಪೈಲ್ವಾನ ಬಂದನೋ ನೋಡೋಣ ಎಂದು.